ಇಲ್ಲದವಳ ಜೊತೆ ಎಂಥ ಪೈಪೋಟಿ?

ಪ್ರಶ್ನೆ: ನನಗೆ 19 ವರ್ಷ. ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬ ಮಾಡೆಲ್‌ಳನ್ನು ತುಂಬಾ ದಿನಗಳಿಂದ ಫಾಲೋ ಮಾಡುತ್ತಿದ್ದೆ. ಅವಳು ಮನುಷ್ಯಳೇ ಅಲ್ಲ, ಕಂಪ್ಯೂಟರ್‌ನಲ್ಲಿ ಮಾಡಿದ ಗೊಂಬೆ ಅಂತ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಅವಳ ಫೋಟೊ ನೋಡಿ ಕನ್ನಡಿ ಮುಂದೆ ನಿಂತರೆ ಬೇಜಾರಾಗುತ್ತದೆ. ನಾನು ಅಷ್ಟು ದಡ್ಡಿಯಾ?

ಉತ್ತರ: ದಡ್ಡತನದ ಮಾತೇ ಇಲ್ಲ. ಕಣ್ಣು ಮೊದಲು ನೋಡುತ್ತದೆ, ತಲೆ ಆಮೇಲೆ ಬುದ್ಧಿ ಹೇಳುತ್ತದೆ, ಅಷ್ಟು ಹೊತ್ತಿಗೆ ಹೋಲಿಕೆ ಮುಗಿದೇ ಹೋಗಿರುತ್ತದೆ. ಫೋಟೊ ಕೆಳಗೆ 'ಇದು ತಿದ್ದಿದ ಚಿತ್ರ' ಅಂತ ಬರೆದರೆ ಹೆಣ್ಣುಮಕ್ಕಳ ಬೇಜಾರು ಕಡಿಮೆಯಾಗುತ್ತದೆಯೇ ಎಂದು ಸಂಶೋಧಕರು ಹಲವು ಸಲ ಪರೀಕ್ಷಿಸಿ ನೋಡಿದ್ದಾರೆ. ಹೆಚ್ಚಿನ ಸಲ ಕಡಿಮೆಯಾಗಿಲ್ಲ. ಹಾಗಾಗಿ ನಿಮ್ಮದು ಎಲ್ಲರ ಕಥೆಯೇ.

ಮಾಡುವವರೂ ಜಾಣರು. 2016ರಲ್ಲಿ ಬಂದ ಲಿಲ್ ಮಿಕೇಲಾಳನ್ನೇ ನೋಡಿ. ಲಾಸ್ ಏಂಜಲೀಸ್‌ನ ಬ್ರಡ್ ಎನ್ನುವ ಕಂಪನಿ ಹುಟ್ಟುಹಾಕಿದ ಹುಡುಗಿ. ಮೂಗು, ಕೆನ್ನೆ ಮೇಲೆಲ್ಲ ಕಂದು ಚುಕ್ಕೆ, ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು. ನೋಡಿದ ತಕ್ಷಣ 'ಅಯ್ಯೋ, ಇವಳೂ ನಮ್ಮ ಹಾಗೇ' ಅನಿಸುತ್ತದೆ. ಆದರೆ ಸ್ವಲ್ಪ ಯೋಚಿಸಿ, ಕೊಟ್ಟಿರುವುದೆಲ್ಲ ಮುದ್ದಾಗಿ ಕಾಣುವ ಕೊರತೆಗಳೇ ಅಲ್ವಾ? ಗಲ್ಲದ ಮೇಲೆ ಕೀವು ತುಂಬಿದ ಮೊಡವೆ ಯಾಕಿಲ್ಲ? ಅವಳನ್ನೂ 19ರ ಹುಡುಗಿ ಅಂತಲೇ ಪರಿಚಯಿಸಿದ್ದರು. ಇಷ್ಟು ವರ್ಷವಾದರೂ ಮುಖದಲ್ಲಿ ಒಂದು ಗೆರೆ ಮೂಡಿಲ್ಲ.

ಫಾಲೋ ಬಿಟ್ಟರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ನೀವು ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ನಿಂತಿರಿ ಅಂತ ಆಪ್ ಲೆಕ್ಕ ಇಡುತ್ತದೆ, ಬೇಜಾರಿನಿಂದ ನಿಂತರೂ ಅದಕ್ಕೆ ಇಷ್ಟಪಟ್ಟು ನಿಂತ ಹಾಗೆಯೇ ಕಾಣುತ್ತದೆ, ಮತ್ತೆ ಅಂಥದ್ದನ್ನೇ ತಂದು ಸುರಿಯುತ್ತದೆ. 'ನಾಟ್ ಇಂಟರೆಸ್ಟೆಡ್' ಒತ್ತಿ, ಸರಸರ ಮುಂದೆ ಹೋಗಿ. ಬೇಜಾರು ಊಟ ಬಿಡುವ ಮಟ್ಟಕ್ಕೆ ಹೋಗಿದ್ದರೆ ಮಾತ್ರ ಈ ಅಂಕಣ ಸಾಲದು, ವೈದ್ಯರ ಹತ್ತಿರ ಮಾತಾಡಿ.

ಪ್ರಶ್ನೆ: ಮೇಕಪ್ಪು, ಫೋಟೊ ತಿದ್ದುವುದು ಹಿಂದೆಯೂ ಇತ್ತಲ್ಲ? ಈಗ ಯಾಕೆ ಇಷ್ಟು ಗಲಾಟೆ?

ಉತ್ತರ: ಇತ್ತು. ಆದರೆ ತಿದ್ದುವುದಕ್ಕೆ ಮೊದಲು ಒಬ್ಬ ಹೆಂಗಸು ಬಂದು ಕ್ಯಾಮೆರಾ ಮುಂದೆ ನಿಲ್ಲಬೇಕಿತ್ತು. ನಿದ್ದೆ ಕೆಟ್ಟರೆ ಅವಳ ಕಣ್ಣು ಊದುತ್ತಿತ್ತು, ಸಂಬಳ ಕೇಳುತ್ತಿದ್ದಳು, ಎಂದಾದರೂ ಒಂದು ದಿನ 'ಆ ಸೊಂಟ ನನ್ನದಲ್ಲ' ಅಂತ ಬಾಯಿಬಿಡುತ್ತಿದ್ದಳು. ಬಾರ್ಸಿಲೋನಾದ ದಿ ಕ್ಲೂಲೆಸ್ ಎನ್ನುವ ಏಜೆನ್ಸಿ 2023ರಲ್ಲಿ ಗುಲಾಬಿ ಕೂದಲಿನ ಐತಾನಾ ಲೋಪೆಸ್ ಎನ್ನುವ ಎಐ ಮಾಡೆಲ್ ತಂದಿತು. ಯಾಕೆ ಅಂತ ಕೇಳಿದರೆ, ಮನುಷ್ಯ ಮಾಡೆಲ್‌ಗಳ ಕಾರಣಕ್ಕೆ ಕೆಲಸಗಳು ನಿಂತುಹೋಗುತ್ತಿದ್ದವು ಅಂದರು. ಅಂದರೆ ತಕರಾರು ಮಾಡದ ಹೆಣ್ಣು ಬೇಕು. (ತುಂಬಾ ಹಳೇ ಆಸೆ, ಬಿಡಿ.)

ಇನ್ನೊಂದು ಸಂಗತಿ ನನಗೆ ಜಾಸ್ತಿ ಕಾಡಿತು. 2025ರ ಆಗಸ್ಟ್ ತಿಂಗಳ ಅಮೆರಿಕದ ವೋಗ್ ಫ್ಯಾಷನ್ ಪತ್ರಿಕೆಯಲ್ಲಿ ಗೆಸ್ ಎನ್ನುವ ಬಟ್ಟೆ ಕಂಪನಿಯ ಜಾಹೀರಾತು ಬಂತು. ಹೊಂಬಣ್ಣದ ಕೂದಲಿನ ಬಿಳಿ ಹುಡುಗಿ, ಪೂರ್ತಿ ಎಐ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗಂತ ಬರೆದಿತ್ತು. ಚಿತ್ರ ಮಾಡಿಕೊಟ್ಟ ಸೆರಾಫಿನ್ ವಲೋರಾ ಸಂಸ್ಥೆಯವರನ್ನು ಬಿಬಿಸಿ ಮಾತಾಡಿಸಿತು. ಬೇರೆ ಬೇರೆ ಮೈಬಣ್ಣದ ಹೆಂಗಸರ ಚಿತ್ರಗಳನ್ನೂ ಹಾಕಿದ್ದೇವೆ, ಜನ ಲೈಕ್ ಕೊಡುವುದಿಲ್ಲ ಅಂದರು. ದಪ್ಪ ಮೈಯವರು? ಅದಕ್ಕೆ ತಂತ್ರಜ್ಞಾನ ಇನ್ನೂ ಅಷ್ಟು ಮುಂದುವರಿದಿಲ್ಲವಂತೆ! ಇಲ್ಲದ ಹುಡುಗಿಯನ್ನೇ ಸೃಷ್ಟಿಸುವವರಿಗೆ ಸ್ವಲ್ಪ ಹೊಟ್ಟೆ ಬಿಡಿಸುವುದು ಕಷ್ಟವಾಯಿತು ಅಂದರೆ ನಾನಂತೂ ನಂಬುವುದಿಲ್ಲ. ಏನು ಬೇಕಾದರೂ ಮಾಡಬಹುದಾದ ಜಾಗದಲ್ಲೂ ಮತ್ತೆ ಅದೇ ಬಿಳಿ, ಅದೇ ತೆಳ್ಳಗೆ. ಯಾಕೆಂದರೆ ಅಳತೆಗೋಲು ಲೈಕು.

ಪ್ರಶ್ನೆ: ಶೂಡು ಅಂತ ಕಪ್ಪು ಬಣ್ಣದ ವರ್ಚುವಲ್ ಮಾಡೆಲ್ ಇದ್ದಾಳಲ್ಲ, ಅದು ಒಳ್ಳೆಯದೇ ಅಲ್ವಾ?

ಉತ್ತರ: ಚಿತ್ರ ಚೆಂದವೇ, ಅನುಮಾನವಿಲ್ಲ. ಅವಳನ್ನು 2017ರಲ್ಲಿ ಮಾಡಿದವರು ಕ್ಯಾಮರನ್ ಜೇಮ್ಸ್ ವಿಲ್ಸನ್, ಬ್ರಿಟನ್ನಿನ ಬಿಳಿಯ ಫೋಟೊಗ್ರಾಫರ್. ಮರುವರ್ಷ ಬಾಲ್ಮಾ ಫ್ಯಾಷನ್ ಕಂಪನಿಯ ಪ್ರಚಾರಕ್ಕೂ ಅವಳನ್ನು ಬಳಸಿಕೊಂಡರು. ಕಪ್ಪು ಹೆಣ್ಣುಮಕ್ಕಳು ಕೇಳಿದ್ದು ಒಂದೇ: ನಮ್ಮ ಬಣ್ಣ ಬೇಕು, ನಾವು ಬೇಡವಾ? ನನಗೂ ಆ ಪ್ರಶ್ನೆಯೇ ಸರಿ ಅನಿಸುತ್ತದೆ.

ಪ್ರಶ್ನೆ: ಇದಕ್ಕೆಲ್ಲ ಕಾನೂನು ಇಲ್ಲವೇ?

ಉತ್ತರ: ಕೆಲವು ಕಡೆ ಇದೆ. ಜಾಹೀರಾತಿನಲ್ಲಿ ಮಾಡೆಲ್‌ನ ಮೈಕಟ್ಟು ತಿದ್ದಿದ್ದರೆ ಹೇಳಲೇಬೇಕು ಅಂತ ಫ್ರಾನ್ಸ್ 2017ರ ಅಕ್ಟೋಬರ್‌ನಿಂದ ನಿಯಮ ಮಾಡಿದೆ, ತಪ್ಪಿದರೆ 37,500 ಯೂರೊ ದಂಡ. ನಾರ್ವೆಯಲ್ಲಿ 2022ರ ಜುಲೈನಿಂದ ಇಂಥದ್ದೇ ಕಾನೂನಿದೆ. 2023ರಲ್ಲಿ ಫ್ರಾನ್ಸ್ ಇನ್‌ಫ್ಲುಯೆನ್ಸರ್‌ಗಳ ಪ್ರಚಾರಕ್ಕೆ ತಂದ ಕಾನೂನಿನಲ್ಲಿ ಎಐ ಮುಖ, ಎಐ ಮೈಯನ್ನೂ ಸೇರಿಸಿತು. ಲೇಬಲ್ಲಿನಿಂದ ಬೇಜಾರು ಹೋಗುವುದಿಲ್ಲ ಅಂತ ಮೇಲೆ ನಾನೇ ಬರೆದಿದ್ದೇನೆ, ಆದರೂ ಲೇಬಲ್ ಬೇಕು. ಚರ್ಮವೇ ಇಲ್ಲದವಳು ಕ್ರೀಮ್ ಹಚ್ಚಿ ಮುಖ ಹೊಳೆಯಿತು ಅಂದರೆ ಅದು ಸುಳ್ಳು ಸಾಕ್ಷಿ. ಕೊಳ್ಳುವವರಿಗೆ ಗೊತ್ತಾಗಬೇಕು.

ಪ್ರಶ್ನೆ: ನನ್ನ ಗೆಳೆಯ ಇಂಥ ಫೋಟೊ ಕಳಿಸಿ 'ನೀನೂ ಹೀಗೆ ತಯಾರಾಗು' ಅನ್ನುತ್ತಾನೆ.

ಉತ್ತರ: ಅವನ ಫೋಟೊಗೂ ಎಐ ಹಾಕಿ ತಿದ್ದಿ ವಾಪಸ್ ಕಳಿಸಿ. ನಕ್ಕರೆ ಮಾತು ಮುಂದುವರಿಸಿ. ಮುಖ ಊದಿಸಿಕೊಂಡರೆ ಆಗಲೂ ಮಾತಾಡಬೇಕು, ಆದರೆ ಬೇರೆ ವಿಷಯ.

ಪ್ರಶ್ನೆ: ತಂಗಿಗೆ ಮಾಡೆಲಿಂಗ್ ಆಸೆ. ಇನ್ನು ಆ ಕೆಲಸ ಉಳಿಯುತ್ತದೆಯೇ?

ಉತ್ತರ: ಸುಮ್ನೆ ಧೈರ್ಯ ಹೇಳಲಾರೆ. ಬಟ್ಟೆ ತೋರಿಸುವ ಸಾಮಾನ್ಯ ಕ್ಯಾಟಲಾಗ್ ಕೆಲಸಕ್ಕೇ ಮೊದಲ ಪೆಟ್ಟು ಬೀಳುವುದು, ಹೊಸಬರು ಶುರು ಮಾಡುವುದೂ ಅಲ್ಲಿಂದಲೇ. ಎಚ್ ಅಂಡ್ ಎಂ ಕಂಪನಿ 30 ಮಾಡೆಲ್‌ಗಳ ಡಿಜಿಟಲ್ ಪ್ರತಿರೂಪ ಮಾಡುವುದಾಗಿ 2025ರಲ್ಲಿ ಹೇಳಿತು, ಪ್ರತಿರೂಪದ ಹಕ್ಕು ಆಯಾ ಮಾಡೆಲ್‌ಗೇ ಇರುತ್ತದೆ ಅಂತಲೂ ಹೇಳಿತು. ನ್ಯೂಯಾರ್ಕ್‌ನಲ್ಲಿ ಅದೇ ವರ್ಷ ಜಾರಿಗೆ ಬಂದ ಕಾನೂನಿನ ಪ್ರಕಾರ ಮಾಡೆಲ್‌ನ ಬರಹದ ಒಪ್ಪಿಗೆ ಇಲ್ಲದೆ ಹೀಗೆ ಪ್ರತಿರೂಪ ಬಳಸುವಂತಿಲ್ಲ. ಎಲ್ಲ ಕಡೆ ಈ ರಕ್ಷಣೆ ಇಲ್ಲ. ಆದ್ದರಿಂದ ತಂಗಿ ಸಹಿ ಹಾಕುವ ಮೊದಲು ಒಪ್ಪಂದದಲ್ಲಿ 'ಸ್ಕ್ಯಾನ್', 'ಎಐ', 'ಶಾಶ್ವತ ಹಕ್ಕು' ಅನ್ನುವ ಪದಗಳು ಎಲ್ಲಿವೆ ಅಂತ ಹುಡುಕಲಿ, ಎಷ್ಟು ವರ್ಷಕ್ಕೆ, ಪ್ರತಿ ಬಳಕೆಗೆ ಎಷ್ಟು ಹಣ ಅಂತ ಬರಹದಲ್ಲೇ ಕೇಳಲಿ.