ಏಳು ವರ್ಷದ ಮಗ ಡರ್ಟ್ ಬೈಕ್ ಓಡಿಸಲು ಯಾವ ರಕ್ಷಣಾ ಸಾಮಗ್ರಿ ಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ಸಕಲೇಶಪುರದ ಕಡೆ ಕಾಫಿ ತೋಟ, ಏಳು ವರ್ಷದ ಮಗ, ಮನೆಗೆ ಬರಲಿರುವ ಮಣ್ಣಿನ ಹಾದಿಯಲ್ಲಿ ಓಡಿಸುವ 50 ಸಿಸಿಯ ಪುಟ್ಟ ಬೈಕ್. ಬೆಳೆಯುವ ಹುಡುಗನಾದ್ದರಿಂದ ಎಲ್ಲವನ್ನೂ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಬಹುದೇ? ಹಣ ಸಾಲದಿದ್ದರೆ ಯಾವುದನ್ನು ಬಿಡಬಹುದು?

ದೊಡ್ಡ ಸೈಜ್ ಬೇಡವೇ ಬೇಡ. ಶಾಲೆಯ ಸಮವಸ್ತ್ರದ ಅಂಚನ್ನು ಒಳಗೆ ಮಡಚಿ ಹೊಲಿಸಿ, ಮುಂದಿನ ಜೂನ್‌ನಲ್ಲಿ ಬಿಚ್ಚಿಸುವ ಲೆಕ್ಕಾಚಾರ ನಮ್ಮ ಮನೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಹೆಲ್ಮೆಟ್ ಅಂಗಡಿಗೂ ಅದನ್ನೇ ಹೊತ್ತುಕೊಂಡು ಹೋಗುತ್ತೇವೆ. ನನ್ನ ಮಗಳು ಬೆಂಗಳೂರಿನ ಹೊರಗಿನ ಒಂದು ಟ್ರ್ಯಾಕ್‌ನಲ್ಲಿ ಓಡಿಸುತ್ತಾಳೆ. ಹೊಸದಾಗಿ ಬರುವ ಮಕ್ಕಳಿಗೆ ಕವಚ, ಬೂಟು ತೊಡಿಸುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿದೆ. ದುಬಾರಿ ಸಾಮಗ್ರಿ ತೊಟ್ಟ ಮಕ್ಕಳು ಅಲ್ಲಿ ಬೇಕಾದಷ್ಟಿದ್ದಾರೆ, ಅಳತೆಗೆ ಸರಿಯಾಗಿ ತೊಟ್ಟವರು ಕಡಿಮೆ. ಸಡಿಲವಾದ ಮೊಣಕೈ ಕವಚ ನೆಲ ತಾಗುವ ಮೊದಲೇ ತೋಳಿನ ಒಳಬದಿಗೆ ತಿರುಗಿರುತ್ತದೆ. ಸಡಿಲವಾದ ಹೆಲ್ಮೆಟ್ ಹುಡುಗನ ಕಣ್ಣು ಮುಚ್ಚುತ್ತದೆ, ಬಿದ್ದಾಗ ಕಳಚಿಕೊಳ್ಳಲೂಬಹುದು.

ಹೆಲ್ಮೆಟ್‌ನಿಂದಲೇ ಶುರು ಮಾಡಿ. ಹುಬ್ಬಿನಿಂದ ಸುಮಾರು ಒಂದು ಬೆರಳಗಲ ಮೇಲೆ, ಹಿಂಬದಿಯಲ್ಲಿ ತಲೆ ಅತಿ ಹೆಚ್ಚು ಉಬ್ಬಿರುವ ಜಾಗದ ಮೇಲಿಂದ ಟೇಪು ಸುತ್ತಿ ಸೆಂಟಿಮೀಟರಿನಲ್ಲಿ ಅಳೆಯಿರಿ. ಅನೇಕ ಕಂಪನಿಗಳ ಮಕ್ಕಳ ಅಳತೆಯಲ್ಲಿ 49ರಿಂದ 50 ಸೆಂ.ಮೀ. ಮೀಡಿಯಂ, 51ರಿಂದ 52 ಲಾರ್ಜ್. ಆದರೂ ಕೊಳ್ಳುವ ಮೊದಲು ಆಯಾ ಕಂಪನಿಯ ಪಟ್ಟಿಯನ್ನೇ ನೋಡಿ. ಹೆಣ್ಣುಮಕ್ಕಳಿದ್ದರೆ ಓಡಿಸುವಾಗ ಕೂದಲನ್ನು ಹೇಗೆ ಕಟ್ಟುತ್ತಾರೋ ಹಾಗೆಯೇ ಕಟ್ಟಿ ಅಳೆಯಬೇಕು. ಎತ್ತಿ ಕಟ್ಟಿದ ಜಡೆ ಹೆಲ್ಮೆಟ್ಟನ್ನು ಮುಂದಕ್ಕೆ ತಳ್ಳುತ್ತದೆ. ಹಾಕಿದ ಮೇಲೆ ಕೆನ್ನೆ ಸ್ವಲ್ಪ ಒತ್ತಿಕೊಂಡಿರಬೇಕು. ಹೆಲ್ಮೆಟ್ ಹಿಡಿದು ಅತ್ತಿತ್ತ ಆಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಚಲಿಸಬೇಕು. ಪಟ್ಟಿ ಬಿಗಿದು ಹಿಂಬದಿಯ ಅಂಚಿನಿಂದ ಮೇಲಕ್ಕೆ ಎತ್ತಿದಾಗ ಮುಂದಕ್ಕೆ ಉರುಳಿ ಹೊರಬಂದರೆ ಆ ಸೈಜ್ ಆಗದು. ಮನೆಯಲ್ಲಿ ಕಾಲು ಗಂಟೆ ಹಾಕಿಸಿ ಕೂರಿಸಿ. ತೆಗೆದಾಗ ಹಣೆಯಲ್ಲಿ ಒಂದೇ ಕಡೆ ಕೆಂಪು ಗೆರೆ ಮೂಡಿದ್ದರೆ ಅದರ ಆಕಾರ ಅವನ ತಲೆಗೆ ಹೊಂದುತ್ತಿಲ್ಲ.

ದೊಡ್ಡವರ ಅತಿ ಚಿಕ್ಕ ಸೈಜಿಗೆ ದಪ್ಪ ಪ್ಯಾಡ್ ತುಂಬಿ ‘ಮಕ್ಕಳಿಗೂ ಆಗುತ್ತದೆ’ ಎನ್ನುವ ಅಂಗಡಿಯವರಿದ್ದಾರೆ. ಹೊರಚಿಪ್ಪು ದೊಡ್ಡವರದೇ ಆಗಿರುವುದರಿಂದ ತೂಕವೂ ದೊಡ್ಡವರದೇ. ಮಕ್ಕಳ ತಲೆ ಮೈಗೆ ಹೋಲಿಸಿದರೆ ಮೊದಲೇ ದೊಡ್ಡದು, ಕತ್ತಿನ ಸ್ನಾಯು ಬಲಿತಿರುವುದಿಲ್ಲ. ಅದರ ಮೇಲೆ ಭಾರದ ಹೆಲ್ಮೆಟ್ ಹೇರಿದರೆ ಅರ್ಧ ಗಂಟೆಯಲ್ಲಿ ಹುಡುಗ ನೆಲ ನೋಡುತ್ತಾ ಓಡಿಸುತ್ತಾನೆ. ಮಕ್ಕಳ ಚಿಪ್ಪಿನಲ್ಲೇ ತಯಾರಾದ ಮೋಟೋಕ್ರಾಸ್ ಹೆಲ್ಮೆಟ್ ಬೇಕು: ಗದ್ದದ ಭಾಗ ಮುಂದಕ್ಕೆ ಚಾಚಿರುವ, ಗಾಗಲ್ ಕೂರಲು ಜಾಗವಿರುವ ಮಾದರಿ. ನಮ್ಮ ರಸ್ತೆಗಳಿಗೆ ಕಾನೂನು ಕೇಳುವುದು ಹೆಲ್ಮೆಟ್‌ಗಳ ಭಾರತೀಯ ಮಾನದಂಡವಾದ ಐಎಸ್ 4151ರ ಐಎಸ್‌ಐ ಗುರುತು. ಹೊರದೇಶದ ಹೆಲ್ಮೆಟ್ ಆದರೆ ಗದ್ದದ ಪಟ್ಟಿಗೆ ಹೊಲಿದ ಚೀಟಿಯಲ್ಲಿ ವೃತ್ತದೊಳಗಿನ ‘ಇ’ ಅಕ್ಷರ ಹುಡುಕಿ, ಅದು ಯುರೋಪಿನ ಇಸಿಇ ಗುರುತು. ಈಗಿನ ಆವೃತ್ತಿ 22.06. ಅದೇ ಚೀಟಿಯಲ್ಲಿ ‘ಪಿ’ ಇದ್ದರೆ ಗದ್ದದ ಭಾಗವೂ ಪರೀಕ್ಷೆಗೆ ಒಳಪಟ್ಟಿದೆ, ‘ಎನ್‌ಪಿ’ ಇದ್ದರೆ ಅದು ರಕ್ಷಣೆಗೆ ಲೆಕ್ಕಕ್ಕಿಲ್ಲ. ಅಮೆರಿಕದ ಡಿಒಟಿ ಗುರುತನ್ನು ತಯಾರಕರು ತಾವೇ ದೃಢೀಕರಿಸಿ ಅಂಟಿಸಿಕೊಳ್ಳುತ್ತಾರೆ. ಹೆಸರೇ ಕೇಳದ ಕಂಪನಿಯ ಹೆಲ್ಮೆಟ್ ಮೇಲೆ ಅದೊಂದೇ ಸ್ಟಿಕ್ಕರ್ ಇದ್ದರೆ ನಾನು ಕೈ ಹಾಕುವುದಿಲ್ಲ.

ಎರಡನೆಯದು ಬೂಟು. ನಿಮ್ಮ ಕಡೆ ಈ ಮಾತು ಒತ್ತಿ ಹೇಳಬೇಕು, ಏಕೆಂದರೆ ತೋಟದ ಮನೆಯಲ್ಲಿ ಗಂಬೂಟು ಇದ್ದೇ ಇರುತ್ತದೆ, ‘ಇದೇ ಸಾಕಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಗಂಬೂಟು ಜಿಗಣೆ, ಕೆಸರಿಗೆ ಸರಿ. ಮಕ್ಕಳು ಡರ್ಟ್ ಬೈಕಿನಿಂದ ಹಾರಿ ಬೀಳುವುದಕ್ಕಿಂತ ನಿಧಾನವಾಗಿ ಪಕ್ಕಕ್ಕೆ ವಾಲುವುದೇ ಹೆಚ್ಚು. ಆಗ ಕಾಲು ಊರಿ ತಡೆಯಲು ಹೋಗಿ ಪಾದ ತಿರುಚುತ್ತದೆ, ಬೈಕಿನ ಭಾರ ಕಣಕಾಲಿನ ಮೇಲೆ ಬೀಳುತ್ತದೆ, ಬಿಸಿ ಸೈಲೆನ್ಸರ್ ಮೀನಖಂಡಕ್ಕೆ ತಾಗುತ್ತದೆ. ಮೋಟೋಕ್ರಾಸ್ ಬೂಟಿನ ಬಕಲ್, ಮುಂಗಾಲಿನ ಗಟ್ಟಿ ಫಲಕ, ಬಾಗದ ಅಡಿ ಇರುವುದು ಈ ಮೂರಕ್ಕಾಗಿಯೇ. ಉದ್ದನೆಯ ಕಾಲುಚೀಲ ಹಾಕಿಸಿ, ಸಂಜೆ ಹೊತ್ತು ತೊಡಿಸಿ ನೋಡಿ. ಹೆಬ್ಬೆರಳಿನ ಮುಂದೆ ಸ್ವಲ್ಪ ಜಾಗ ಇರಲಿ, ನಡೆಯುವಾಗ ಹಿಮ್ಮಡಿ ಏಳಬಾರದು. ಬೈಕ್ ಯಾವುದು ಎಂಬುದೂ ಮುಖ್ಯ. ಯಮಹಾ ಪಿಡಬ್ಲ್ಯೂ50ಕ್ಕೆ ಗೇರೇ ಇಲ್ಲ, ಎರಡೂ ಬ್ರೇಕ್ ಕೈಯಲ್ಲಿವೆ, ಬೂಟು ಎಷ್ಟು ಬಿರುಸಾಗಿದ್ದರೂ ನಡೆಯುತ್ತದೆ. ಹೋಂಡಾ ಸಿಆರ್‌ಎಫ್50ಎಫ್‌ನಲ್ಲಿ ಮೂರು ಗೇರ್, ಹಿಂದಿನ ಬ್ರೇಕ್ ಕಾಲಲ್ಲಿ. ಅಂಥದ್ದಾದರೆ ಬೂಟು ತೊಟ್ಟು ಬೈಕ್ ಮೇಲೆ ಕುಳಿತು ಗೇರ್ ಎತ್ತಲು, ಬ್ರೇಕ್ ಒತ್ತಲು ಅವನಿಗೆ ಆಗುತ್ತದೆಯೇ ಎಂದು ಎಂಜಿನ್ ಬಂದ್ ಮಾಡಿಯೇ ಪರೀಕ್ಷಿಸಿ.

ಎದೆಯ ಪ್ಲಾಸ್ಟಿಕ್ ಕವಚದ ವಿಷಯದಲ್ಲಿ ಬಹಳ ಗೊಂದಲವಿದೆ. ಫೋಟೋದಲ್ಲಿ ಎಲ್ಲವೂ ಯೋಧನ ಕವಚದಂತೆ ಕಾಣುತ್ತವೆ. ಚೀಟಿಯಲ್ಲಿ ಇಎನ್ 14021 ಎಂಬ ಯುರೋಪಿನ ಮಾನದಂಡ ಅಷ್ಟೇ ಇದ್ದರೆ ಅದನ್ನು ಪರೀಕ್ಷಿಸಿರುವುದು ಮುಂದಿನ ಬೈಕಿನ ಚಕ್ರದಿಂದ ಸಿಡಿಯುವ ಕಲ್ಲಿಗೆ. ನಿಮ್ಮ ಮಗ ತೋಟದಲ್ಲಿ ಒಬ್ಬನೇ ಓಡಿಸುತ್ತಾನೆ, ಅವನ ಮುಂದೆ ಕಲ್ಲು ಎರಚುವವರು ಯಾರೂ ಇಲ್ಲ. ಬಿದ್ದಾಗಿನ ಹೊಡೆತಕ್ಕೆ ಬೇಕಾದದ್ದು ಇಎನ್ 1621 ಸರಣಿ: 1621-1 ಮೊಣಕೈ, ಮಂಡಿ, ಭುಜಕ್ಕೆ, 1621-2 ಬೆನ್ನಿಗೆ, 1621-3 ಎದೆಗೆ. ಬೆನ್ನಿನ ಕವಚದಲ್ಲಿ ಲೆವೆಲ್ 1 ಎಂದರೆ ಪರೀಕ್ಷೆಯ ಹೊಡೆತದಲ್ಲಿ ಸರಾಸರಿ 18 ಕಿಲೋನ್ಯೂಟನ್‌ವರೆಗೆ ಬಲ ಒಳಕ್ಕೆ ದಾಟಬಹುದು, ಲೆವೆಲ್ 2ರಲ್ಲಿ 9ರವರೆಗೆ ಮಾತ್ರ. ಬೆನ್ನಿಗೆ ಲೆವೆಲ್ 2 ಸಿಕ್ಕರೆ ಬಿಡಬೇಡಿ. ಕೈಕಾಲಿಗೆ, ದಪ್ಪಗಿರುವ ಲೆವೆಲ್ 2ಕ್ಕಿಂತ ಜಾರದೆ ಕೂರುವ ಲೆವೆಲ್ 1 ನನಗೆ ಮೇಲು. ಫುಟ್‌ಪೆಗ್ (ಬೈಕಿನಲ್ಲಿ ಕಾಲಿಡುವ ಕಡ್ಡಿ) ಮೇಲೆ ನಿಂತು ಮಂಡಿ, ಮೊಣಕೈ ಬಾಗಿಸಿದ ಭಂಗಿಯಲ್ಲೇ ಇವನ್ನು ತೊಡಿಸಿ ನೋಡಬೇಕು. ಅಂಗಡಿಯಲ್ಲಿ ನೆಟ್ಟಗೆ ನಿಂತಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಗಾಗಲ್, ಕೈಗವಸು ತೀರಾ ದುಬಾರಿಯಲ್ಲ, ಎರಡನ್ನೂ ಕೊಳ್ಳಿ. ಬಿದ್ದಾಗ ಕತ್ತು ಅತಿಯಾಗಿ ಬಾಗದಂತೆ ತಡೆಯಲೆಂದು ಹಾಕುವ ಕತ್ತಿನ ಬ್ರೇಸ್ ಬಗ್ಗೆ ಓಡಿಸುವವರಲ್ಲೂ ವೈದ್ಯರಲ್ಲೂ ಒಮ್ಮತವಿಲ್ಲ. ಹೆಲ್ಮೆಟ್ ಮತ್ತು ಎದೆಯ ಕವಚ ಎರಡರ ಜೊತೆಗೂ ಅದು ಹೊಂದಬೇಕು, ಇಲ್ಲದಿದ್ದರೆ ತಲೆ ತಿರುಗಿಸಲೂ ಆಗುವುದಿಲ್ಲ. ಅವನು ಜಿಗಿತ ಕಲಿಯಲು ಹೊರಟ ದಿನ ಆ ಮಾತು ಎತ್ತೋಣ.

ಈಗ ಹಣದ ಪ್ರಶ್ನೆ. ಹೆಲ್ಮೆಟ್ ಮಾತ್ರ ಹೊಸದಾಗಿರಲಿ. ಅದರೊಳಗಿನ ಥರ್ಮೋಕೋಲ್ ಪದರ ಒಮ್ಮೆ ಹೊಡೆತ ತಿಂದು ಕುಗ್ಗಿದರೆ ಮತ್ತೆ ಅರಳುವುದಿಲ್ಲ, ಹೊರಗಿನಿಂದ ನೋಡಿದರೆ ಅದು ತಿಳಿಯುವುದೂ ಇಲ್ಲ. ಬೂಟು, ಎದೆ ಕವಚ, ಮಂಡಿ ಕವಚ ಧಾರಾಳವಾಗಿ ಬಳಸಿದವೇ ಆಗಬಹುದು. ಮಕ್ಕಳ ಕಾಲು ಬೂಟು ಸವೆಯುವುದಕ್ಕಿಂತ ಬೇಗ ಬೆಳೆಯುವುದರಿಂದ ಒಳ್ಳೆಯ ಮಾಲು ಓಡಿಸುವವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೈ ಬದಲಾಗುತ್ತಲೇ ಇರುತ್ತದೆ. ಬಕಲ್ ಮುರಿದಿಲ್ಲವೇ, ಪಟ್ಟಿಗಳ ಎಲಾಸ್ಟಿಕ್ ಬಿಗಿ ಉಳಿದಿದೆಯೇ ಎಂದಷ್ಟು ನೋಡಿಕೊಳ್ಳಿ. ಬಿಡಬಹುದಾದದ್ದು ಕಂಪನಿಯ ಹೆಸರು ಬರೆದ ಬಣ್ಣದ ಜೆರ್ಸಿ ಮತ್ತು ಪ್ಯಾಂಟ್. ಗಟ್ಟಿ ಜೀನ್ಸ್, ತುಂಬು ತೋಳಿನ ಹತ್ತಿ ಅಂಗಿ ಸದ್ಯಕ್ಕೆ ಸಾಕು. ಹುಡುಗನಿಗೆ ಜೆರ್ಸಿಯೇ ಮೊದಲು ಬೇಕಿರುತ್ತದೆ, ಅದು ಬೇರೆ ಮಾತು.

ದುಡ್ಡಿಲ್ಲದೆ ಸಿಗುವ ರಕ್ಷಣೆಯೂ ಇದೆ. ಪಿಡಬ್ಲ್ಯೂ50ರಲ್ಲಿ ಆಕ್ಸಿಲರೇಟರ್ ಎಷ್ಟು ತಿರುಗಬೇಕೆಂದು ಮಿತಿಗೊಳಿಸುವ ಒಂದು ಸ್ಕ್ರೂ ಇದೆ. ನಿಮ್ಮ ಬೈಕಿನಲ್ಲೂ ಅಂಥದ್ದಿದ್ದರೆ ಮೊದಲ ತಿಂಗಳು ಬಿಗಿಯಾಗಿಯೇ ಇಡಿ. ಬಿದ್ದಾಗ ಎಂಜಿನ್ ನಿಲ್ಲಿಸುವ ಮಣಿಕಟ್ಟಿನ ದಾರ ಇದ್ದರೆ ಅದನ್ನು ಕಟ್ಟದೆ ಕಿಕ್ ಹೊಡೆಯಬೇಡಿ. ಓಡಿಸುವ ಜಾಗವನ್ನು ಕಾಫಿ ಗಿಡಗಳ ಸಾಲಿನಿಂದ ಕಣಕ್ಕೆ ಬದಲಿಸಿ: ಕತ್ತಿನ ಎತ್ತರದ ಮುಳ್ಳುತಂತಿಗೆ, ಸಿಲ್ವರ್ ಓಕ್ ಮರಕ್ಕೆ, ಸೊಪ್ಪು ಮುಚ್ಚಿದ ಗುಂಡಿಗೆ ಯಾವ ಲೆವೆಲ್ಲಿನ ಕವಚವೂ ಉತ್ತರವಲ್ಲ. ಪಕ್ಕದ ತೋಟಕ್ಕೆ ಹೋಗಲು ಊರ ರಸ್ತೆ ದಾಟಬೇಕಾದರೆ ಬೈಕನ್ನು ನೀವೇ ತಳ್ಳಿಕೊಂಡು ಹೋಗಿ. ಅಪ್ರಾಪ್ತರು ರಸ್ತೆಯಲ್ಲಿ ವಾಹನ ಓಡಿಸಿ ಅಪರಾಧವಾದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಲ್ಲಿ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ತೆಗೆದುಕೊಳ್ಳುವ ಅಂಗಡಿಯಿಂದಲೇ ತರಿಸಿ, ಚೀಟಿ ಕೀಳದೆ ಮನೆಯೊಳಗೇ ತೊಡಿಸಿ ನೋಡಿ. ಅವನ ತಲೆಯ ಸುತ್ತಳತೆ, ಎದೆಯ ಸುತ್ತಳತೆ, ಪಾದದ ಉದ್ದ ಮತ್ತು ಬೈಕಿನ ಮಾದರಿ ತಿಳಿಸಿದರೆ ಯಾವ ಸೈಜ್ ನೋಡಬೇಕೆಂದು ಹೇಳುತ್ತೇನೆ.