ಕುಕ್ಕರ್ ಇರಲಿ, ಗಸಗಸೆ ಬೇಡ

ಸಾಗರದ ಕಡೆಯ ಓದುಗರೊಬ್ಬರ ಪತ್ರ ಇದು:

"ನನ್ನ ಮಗಳಿಗೆ ಚೀನಾದ ಕುನ್‌ಮಿಂಗ್ ಊರಿನ ಶಾಲೆಯೊಂದರಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿದೆ. ಎರಡು ವರ್ಷದ ಒಪ್ಪಂದ. ಅಳಿಯಂದಿರೂ ಜೊತೆಗೆ ಹೋಗುತ್ತಾರೆ. ಮೈಸೂರಿನಲ್ಲಿ ಯೋಗ ಕಲಿತವರು, ಅಲ್ಲಿ ಹೋದ ಮೇಲೆ ಕ್ಲಾಸ್ ಶುರು ಮಾಡುವ ಯೋಚನೆ. ಇಬ್ಬರೂ ಸಸ್ಯಾಹಾರಿಗಳು. ಹುಳ ಹುಪ್ಪಟೆ ಎಲ್ಲ ತಿನ್ನುವ ಊರಲ್ಲಿ ಇವರು ಏನು ತಿಂದು ಇರುತ್ತಾರೆ ಅಂತ ನನಗೆ ನಿದ್ದೆ ಇಲ್ಲ. ನಮ್ಮ ಯಜಮಾನರು 20 ಕಿಲೋ ಪುಡಿ, ಉಪ್ಪಿನಕಾಯಿ ಕಟ್ಟಿಸುತ್ತಿದ್ದಾರೆ. ನೀವು ಹಿಂದೆ ಅಲ್ಲಿ ಪಾಠ ಮಾಡುತ್ತಿದ್ದಿರಿ ಅಂತ ಓದಿದ ನೆನಪು. ಏನೇನು ಕಳಿಸಬೇಕು? ಪ್ರೆಷರ್ ಕುಕ್ಕರ್ ಒಯ್ಯಬಹುದಾ?"

ಅಕ್ಕಾ,

ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಾನು ಹೊರಟಾಗ ನಮ್ಮಮ್ಮ ಕೇಳಿದ್ದೂ ಇದೇ ಮಾತು, ನಾನು ಹೋಗಿದ್ದೂ ಇದೇ ಊರಿಗೆ. ಅಲ್ಲಿ ಎರಡು ವರ್ಷ ಇದ್ದೆ. ಹೋಗುವಾಗ ಇದ್ದದ್ದಕ್ಕಿಂತ ನಾಲ್ಕು ಕಿಲೋ ಜಾಸ್ತಿಯಾಗಿ ಬಂದೆ.

ಊಟದ ಮಾತು ಆಮೇಲೆ. ನೀವು ಕೇಳದ ಒಂದು ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಹುಳ ಅಲ್ಲ, ಅಳಿಯಂದಿರ ಯೋಗ ಕ್ಲಾಸು. ಮಗಳಿಗೆ ಸಿಗೋದು ಝಡ್ ವೀಸಾ, ಅಂದರೆ ಕೆಲಸದ ವೀಸಾ. ಜೊತೆಗೆ ಹೋಗುವ ಗಂಡನಿಗೆ ಸಾಮಾನ್ಯವಾಗಿ ಸಿಗೋದು ಎಸ್1, ಅದು ಕುಟುಂಬದವರ ವೀಸಾ. ಅದರಲ್ಲಿ ಸಂಬಳಕ್ಕೆ ಪಾಠ ಮಾಡುವ ಹಾಗಿಲ್ಲ. ವಾರಕ್ಕೆ ಎರಡೇ ಕ್ಲಾಸ್, ಅಕ್ಕಪಕ್ಕದವರಿಗೆ ಮಾತ್ರ ಅಂದರೂ ದುಡ್ಡು ತಗೊಂಡು ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ. ಜಾಸ್ತಿಯಾದರೆ ಲಾಕಪ್ಪು, ಗಡೀಪಾರು. ಯೋಗಕ್ಕೆ ಅಲ್ಲಿ ಬೇಡಿಕೆ ಇಲ್ಲ ಅಂತಲ್ಲ, ಭಾರೀ ಇದೆ. ಕುನ್‌ಮಿಂಗ್‌ನ ಯುನ್ನಾನ್ ಮಿನ್‌ಜು ವಿಶ್ವವಿದ್ಯಾಲಯದಲ್ಲಿ 2015ರಿಂದ ಭಾರತ-ಚೀನಾ ಯೋಗ ಕಾಲೇಜೇ ಇದೆ. ಮೈಸೂರಲ್ಲಿ ಕಲಿತೆ ಅಂದರೆ ಅಲ್ಲಿಯ ಯೋಗದವರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಆದ್ದರಿಂದ ಅಳಿಯಂದಿರು ತಮ್ಮ ಹೆಸರಿಗೇ ಒಂದು ಕೆಲಸ ಹುಡುಕಿ, ತಮ್ಮದೇ ಪರ್ಮಿಟ್ ಮಾಡಿಸಿಕೊಳ್ಳಲಿ. ಮೊದಲು ಹೋಗಿಬಿಡು, ಆಮೇಲೆ ನೋಡೋಣ ಅನ್ನುವ ಏಜೆಂಟರ ಮಾತು ಕೇಳಬೇಡಿ. ಇಳಿದ 24 ಗಂಟೆಯೊಳಗೆ ಪೊಲೀಸರ ಹತ್ತಿರ ವಿಳಾಸ ಬರೆಸೋದು, 30 ದಿನದೊಳಗೆ ವಾಸದ ಪರ್ಮಿಟ್‌ಗೆ ಅರ್ಜಿ ಹಾಕೋದು, ಇವೆರಡನ್ನು ಶಾಲೆಯವರೇ ಓಡಾಡಿ ಮಾಡಿಸುತ್ತಾರೆ.

ಈಗ ಹುಳದ ವಿಷಯ. ಸುಳ್ಳು ಹೇಳಲ್ಲ, ಕುನ್‌ಮಿಂಗ್ ಇರುವ ಯುನ್ನಾನ್ ಪ್ರಾಂತ್ಯದಲ್ಲಿ ಬಿದಿರು ಹುಳ, ಕಣಜದ ಮರಿ ಕರಿದು ತಟ್ಟೆಯಲ್ಲಿ ಇಡುತ್ತಾರೆ. ಆದರೆ ಅದು ನೆಂಟರು ಬಂದಾಗ ಹೋಟೆಲಿನಲ್ಲಿ ತರಿಸುವ ತಿಂಡಿ, ದಿನದ ಊಟ ಅಲ್ಲ. ಕೆಂಪಿರುವೆಯ ಚಗಳಿ ಚಟ್ನಿ ಅರೆಯುವ ಮಲೆನಾಡಿನವರು ನಾವು, ಇದರ ಬಗ್ಗೆ ಜಾಸ್ತಿ ಮಾತಾಡದೆ ಇರೋದೇ ವಾಸಿ, ಅಲ್ವಾ?

ನಿಜವಾದ ತೊಂದರೆ ಬೇರೆ. ಸಸ್ಯಾಹಾರ ಅಂದರೆ ಏನು ಅನ್ನೋದು ನಮಗೂ ಅವರಿಗೂ ಬೇರೆ ಬೇರೆ. ಮೊದಲ ವಾರ ಕಾಲೇಜಿನ ಕ್ಯಾಂಟೀನಿನಲ್ಲಿ ನಡೆದದ್ದು ಹೇಳುತ್ತೇನೆ. ಸ್ಟೀಲಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ. ಗಾಜಿನ ಆಚೆ ಬಡಿಸುವ ಹೆಂಗಸು, ಅಲ್ಲಿ ಅವರನ್ನು 'ಆಯಿ' ಅನ್ನುತ್ತಾರೆ, ನಮ್ಮ ಚಿಕ್ಕಮ್ಮ ಇದ್ದ ಹಾಗೆ. ಬದನೆಕಾಯಿ ಪಲ್ಯ ತೋರಿಸಿ, ಬಾಯಿಪಾಠ ಮಾಡಿದ್ದ 'ವೋ ಚೀ ಸೂ' ಹೇಳಿದೆ. ನಾನು ಸಸ್ಯಾಹಾರಿ ಅಂತ. ಆಯಿ ತಲೆಯಾಡಿಸಿದರು. ಒಂದು ಸೌಟು ಪಲ್ಯ ಎತ್ತಿ ಬೇರೆ ಬಟ್ಟಲಿಗೆ ಹಾಕಿಕೊಂಡು, ಅದರಲ್ಲಿದ್ದ ಮಾಂಸದ ಚೂರುಗಳನ್ನು ಚಾಪ್‌ಸ್ಟಿಕ್‌ನಿಂದ ಒಂದೊಂದಾಗಿ ಆರಿಸಿ ತೆಗೆದರು. ಹಿಂದೆ ಇಪ್ಪತ್ತು ಹುಡುಗರು ಕಾಯುತ್ತಿದ್ದಾರೆ, ಅವರಿಗೆ ಅವಸರವೇ ಇಲ್ಲ. ಕೊನೆಗೆ ಬಟ್ಟಲನ್ನು ನನ್ನ ಕಡೆ ತಳ್ಳಿ, ನೋಡು ಈಗ ಸರಿಯಾಯಿತು ಅನ್ನುವ ಹಾಗೆ ನಕ್ಕರು. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ತಗೊಂಡೆ. ಅನ್ನ ಮಾತ್ರ ತಿಂದೆ.

ಅವರ ಲೆಕ್ಕದಲ್ಲಿ ಅದರಲ್ಲಿ ತಪ್ಪೇ ಇರಲಿಲ್ಲ. ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬಿನಲ್ಲಿ ಒಗ್ಗರಣೆ ಹಾಕೋದುಂಟು, ಸಾರಿಗೆ ಕೋಳಿಯ ಪುಡಿ ಉದುರಿಸೋದುಂಟು, ನೂಡಲ್ಸ್‌ನ ನೀರು ಮೂಳೆ ಬೇಯಿಸಿದ್ದು. ಮಾಪೋ ತೋಫು ಅಂತ ಸೋಯಾ ಪನೀರಿನ ಖಾರದ ಪಲ್ಯ ಇದೆ, ಅದರಲ್ಲಿ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ. ಮೀನಿನ ಪರಿಮಳದ ಬದನೆಕಾಯಿ ಅಂತ ಒಂದು ಪಲ್ಯ ಇದೆ, ಅದರಲ್ಲಿ ಮೀನು ಇಲ್ಲವೇ ಇಲ್ಲ, ಆದರೆ ಹಂದಿ ಇರಬಹುದು! ಹಾಗಾಗಿ ಮಗಳಿಗೆ ಹೇಳಿ: ಮಾಂಸ ಬೇಡ, ಹಂದಿ ಕೊಬ್ಬು ಬೇಡ, ಕೋಳಿ ಪುಡಿ ಬೇಡ, ಮೂಳೆ ಸಾರು ಬೇಡ ಅಂತ ನಾಲ್ಕು ಸಾಲು ಚೀನೀ ಲಿಪಿಯಲ್ಲಿ ಒಂದು ಕಾರ್ಡಿನ ಮೇಲೆ ಬರೆಸಿಕೊಳ್ಳಲಿ. ನಮ್ಮ ಉಚ್ಚಾರ ಅವರಿಗೆ ತಿಳಿಯುವುದಿಲ್ಲ, ಸ್ವರ ಸ್ವಲ್ಪ ಏರುಪೇರಾದರೆ ಅರ್ಥವೇ ಬದಲು. ಕಾರ್ಡು ತಪ್ಪುವುದಿಲ್ಲ. ಇನ್ನೊಂದು, ದಿನಾ ಹೊಸ ಹೋಟೆಲು ಹುಡುಕುವ ಬದಲು ಒಂದೇ ಸಣ್ಣ ಅಂಗಡಿಗೆ ಹೋಗಲಿ. ನಾನು ಹೋಗುತ್ತಿದ್ದ ಅಂಗಡಿಯ ಒಡತಿ ಮೂರನೇ ವಾರದ ಹೊತ್ತಿಗೆ ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಒಳಗೆ 'ಸೂ ದ!' ಅಂತ ಕೂಗುತ್ತಿದ್ದರು. ಸಸ್ಯಾಹಾರದ್ದು ಒಂದು ಪ್ಲೇಟ್ ಅಂತ. ನನ್ನ ಹೆಸರೇ ಅದಾಗಿಬಿಟ್ಟಿತ್ತು.

ಯುನ್ನಾನ್ ಸಿಕ್ಕಿದ್ದು ನಿಮ್ಮ ಮಗಳ ಅದೃಷ್ಟ, ನಿಜವಾಗಿ. ಅಲ್ಲಿಯ ಮಿಶ್ಯಾನ್ ಅಂದರೆ ಅಕ್ಕಿಯ ನೂಡಲ್ಸ್, ಕಣ್ಣು ಮುಚ್ಚಿ ತಿಂದರೆ ನಮ್ಮ ಒತ್ತು ಶಾವಿಗೆ. ಚೀನಾದ ಬಹಳ ಕಡೆ ಅಡುಗೆಯಲ್ಲಿ ಹಾಲಿನ ಬಳಕೆ ಕಮ್ಮಿ, ಇಲ್ಲಿ ಮಾತ್ರ ಆಡಿನ ಹಾಲು ಒಡೆದು ರೂಬಿಂಗ್ ಅಂತ ಗಿಣ್ಣಿನಂಥದ್ದು ಮಾಡುತ್ತಾರೆ. ಚೂರು ಮಾಡಿ ಹುರಿದರೆ ಪನೀರೇ ಸರಿ. ಹುಳಿ ಬರಿಸಿದ ಕಳಲೆ ಸಂತೆಯಲ್ಲಿ ರಾಶಿ ರಾಶಿ. ಹುಣಸೆಹಣ್ಣು ಅಲ್ಲೇ ಬೆಳೆಯುತ್ತದೆ, ಕಬ್ಬಿನ ಕೆಂಪು ಬೆಲ್ಲದ ಅಚ್ಚು ಸಿಗುತ್ತದೆ, ಹೆಸರುಕಾಳು, ಅಲಸಂದೆ, ಎಳ್ಳು, ಕಡಲೆಕಾಯಿಗೆ ಬರವಿಲ್ಲ. ಚೀನಾದ ಕಾಫಿಯಲ್ಲಿ ಬಹುಪಾಲು ಬೆಳೆಯೋದೂ ಈ ಪ್ರಾಂತ್ಯದಲ್ಲೇ. ಆದ್ದರಿಂದ ಪುಡಿ ಬೇಡ, ಫಿಲ್ಟರ್ ಇಟ್ಟರೆ ಸಾಕು. ಪಕ್ಕದ ಸಿಚುವಾನ್ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಹ್ವಾಜ್ಯಾವೊ ಅಂತ ಒಂದು ಕಾಳು ಹಾಕುತ್ತಾರೆ. ಬೇರೆ ದೇಶದ ಟೀಚರ್‌ಗಳು ಅದನ್ನು ಕಚ್ಚಿ ಕಣ್ಣು ಬಿಟ್ಟಾಗ ನನಗೆ ನಗು. ಅದು ನಮ್ಮ ಜುಮ್ಮನಕಾಯಿಯ ಖಾಸಾ ಅಣ್ಣತಮ್ಮ, ಕೊಂಕಣಿಗರ ಮನೆಯ ತೆಪ್ಪಲ.

ಮಳೆಗಾಲದಲ್ಲಿ ಊರಿಗೆ ಊರೇ ಅಣಬೆ ತಿನ್ನುತ್ತದೆ. ಮುಟ್ಟಿದರೆ ನೀಲಿಯಾಗುವ ಒಂದು ಜಾತಿ ಇದೆ, ಸರಿಯಾಗಿ ಬೇಯದಿದ್ದರೆ ಕಣ್ಣ ಮುಂದೆ ಪುಟ್ಟ ಪುಟ್ಟ ಮನುಷ್ಯರು ಓಡಾಡಿದ ಹಾಗೆ ಕಾಣುತ್ತದಂತೆ. ಅಣಬೆ ಹೋಟೆಲುಗಳಲ್ಲಿ ಟೈಮರ್ ಇಟ್ಟು, ಅದು ಕೂಗುವ ತನಕ ಚಾಪ್‌ಸ್ಟಿಕ್ ಕೊಡುವುದಿಲ್ಲ. ಹೋಟೆಲಿನಲ್ಲೇ ತಿನ್ನಲಿ, ಮನೆಗೆ ತಂದು ಪ್ರಯೋಗ ಮಾಡೋದು ಬೇಡ.

ಬೆಳ್ಳುಳ್ಳಿ ಈರುಳ್ಳಿ ಕೂಡ ಬಿಟ್ಟವರು ನಿಮ್ಮಲ್ಲಿ ಇದ್ದರೆ ಅವರಿಗೂ ದಾರಿ ಇದೆ. ಬೌದ್ಧರ ಸಸ್ಯಾಹಾರದಲ್ಲಿ ಇವೆರಡೂ ನಿಷಿದ್ಧ. ಕುನ್‌ಮಿಂಗ್‌ನ ಯುವಾನ್‌ತೋಂಗ್ ದೇವಸ್ಥಾನ 1,200 ವರ್ಷಕ್ಕೂ ಹಳೆಯದು. ಇಂಥ ದೇವಸ್ಥಾನಗಳ ಆಸುಪಾಸಿನಲ್ಲಿ ಶುದ್ಧ ಸಸ್ಯಾಹಾರದ ಊಟದ ಮನೆ ಇರುವುದು ರೂಢಿ. ಅಮಾವಾಸ್ಯೆ, ಹುಣ್ಣಿಮೆಗೆ ಅಲ್ಲಿ ಜನ ಜಾಸ್ತಿ, ಆ ಎರಡು ದಿನ ಎಷ್ಟೋ ಮನೆಯವರು ಮಾಂಸ ಮುಟ್ಟುವುದಿಲ್ಲ. ಆದರೆ ತಟ್ಟೆಯಲ್ಲಿ ಕೋಳಿ ಕಾಲು, ಮೀನಿನ ತುಂಡು ಕಂಡರೆ ಮಗಳು ಹೆದರಿ ಎದ್ದು ಬರದಿರಲಿ. ಅದು ಗೋಧಿ, ಸೋಯಾದಲ್ಲಿ ಮಾಡಿದ್ದು.

ಮೊಸರಿಗೆ ಒಂದು ಮಾತು. ಅಂಗಡಿಯ ಮೊಸರಿಗೆ ಸಕ್ಕರೆ ಹಾಕಿರುತ್ತಾರೆ, ಸ್ಟ್ರಾ ಹಾಕಿ ಕುಡಿಯುತ್ತಾರೆ. ನಾನು ಮೊದಲ ಸಲ ಅದನ್ನು ಅನ್ನಕ್ಕೆ ಕಲಸಿ, ಉಪ್ಪಿನಕಾಯಿ ನೆಂಚಿಕೊಂಡು, ಆ ರಾತ್ರಿ ಚೆನ್ನಾಗಿ ಅತ್ತಿದ್ದೆ. 'ವೂ ತಾಂಗ್' ಅಂದರೆ ಸಕ್ಕರೆ ಇಲ್ಲದ್ದು. ಅದನ್ನು ಒಂದು ಡಬ್ಬಿ ತಂದು ಹೆಪ್ಪು ಹಾಕಿದರೆ ಆಮೇಲೆ ಮನೆಯಲ್ಲೇ ನಡೆಯುತ್ತದೆ.

ಊಟ ಬಿಟ್ಟರೆ ದಿನಚರಿ ನಮ್ಮವರಿಗೆ ಕಷ್ಟವೇನಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಶಾಲೆಗೆ ಶಾಲೆಯೇ ಮಲಗುತ್ತದೆ, ಮಕ್ಕಳು ಡೆಸ್ಕಿನ ಮೇಲೆ ತಲೆಯಿಟ್ಟು, ಮೇಷ್ಟ್ರುಗಳು ಮಡಿಚುವ ಮಂಚದ ಮೇಲೆ. ರಾತ್ರಿ ಊಟ ಆರು ಗಂಟೆಗೆಲ್ಲ ಮುಗಿದಿರುತ್ತದೆ. ಏಳು ಗಂಟೆಗೆ ಕ್ಯಾಂಟೀನಿಗೆ ಹೋದರೆ ನೆಲ ಒರೆಸುತ್ತಿರುತ್ತಾರೆ. ನೆಗಡಿ, ಹೊಟ್ಟೆನೋವು, ಮನಸ್ಸಿಗೆ ಬೇಜಾರು, ಯಾವುದಕ್ಕಾದರೂ ಅವರು ಹೇಳುವ ಮದ್ದು ಒಂದೇ: ಬಿಸಿನೀರು ಕುಡಿ. ರೈಲಿನಲ್ಲೂ ಬಿಸಿನೀರಿನ ನಲ್ಲಿ ಇರುತ್ತದೆ. ಹಬ್ಬದ ರಜೆ ಕೊಟ್ಟು, ಅದರ ಬದಲಿಗೆ ಶನಿವಾರ, ಭಾನುವಾರ ಕೆಲಸ ಮಾಡಿಸುವ ಪದ್ಧತಿ ಒಂದಿದೆ, ಅದು ಮಾತ್ರ ನನಗೆ ಕೊನೆಯವರೆಗೂ ಜೀರ್ಣ ಆಗಲಿಲ್ಲ. ಚಳಿಗಾಲದಲ್ಲಿ ಊರು ಬೆಂಗಳೂರಿಗಿಂತ ಬಹಳ ತಣ್ಣಗೆ. ಮನೆಯೊಳಗೆ ಹೀಟರ್ ಪೈಪು ಉತ್ತರದ ಊರುಗಳಿಗೆ ಮಾತ್ರ, ಇಲ್ಲಿಗಿಲ್ಲ. ದಪ್ಪ ಸ್ವೆಟರ್, ಶಾಲು ಇರಲಿ.

ಇನ್ನು ನೀವು ಯೋಚನೆಯೇ ಮಾಡಿರಲಿಕ್ಕಿಲ್ಲ, ಮಗಳ ಜೊತೆ ಮಾತಾಡೋದು ಹೇಗೆ? ಅಲ್ಲಿ ವಾಟ್ಸಾಪ್ ಓಡುವುದಿಲ್ಲ, ಗೂಗಲ್ ಇಲ್ಲ. ಅವರೆಲ್ಲ ಬಳಸುವ ವೀಚಾಟ್ ನಮ್ಮಲ್ಲಿ 2020ರ ಜೂನ್‌ನಿಂದ ನಿಷೇಧ. ಅಮ್ಮ ಮಗಳ ನಡುವೆ ಎರಡು ಸರ್ಕಾರ ನಿಂತಿವೆ! ನಮ್ಮ ದೇಶದ ಸಿಮ್ಮನ್ನು ರೋಮಿಂಗ್ ಹಾಕಿಸಿ ಇಟ್ಟುಕೊಂಡರೆ ಅದರ ಡೇಟಾದಲ್ಲಿ ವಾಟ್ಸಾಪ್ ನಡೆಯುತ್ತದೆ. ಸ್ವಲ್ಪ ದುಬಾರಿ, ಮಾತು ಚುಟುಕಾಗಿರಲಿ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನೀವು ಸಂಜೆ ದೀಪ ಹಚ್ಚಿ ಏಳೂವರೆಗೆ ಫೋನ್ ಮಾಡಿದರೆ ಅಲ್ಲಿ ರಾತ್ರಿ ಹತ್ತು, ಅವಳು ಹಾಸಿಗೆ ಹಾಸುವ ಹೊತ್ತು. ಅಲ್ಲಿಯ ಖರ್ಚಿಗೆ ವೀಚಾಟ್ ಬೇಕೇ ಬೇಕು, ತರಕಾರಿ ಗಾಡಿಯವರಿಗೂ ಫೋನಿನಲ್ಲೇ ದುಡ್ಡು. ಖಾತೆ ತೆರೆಯುವಾಗ ಈಗಾಗಲೇ ಬಳಸುತ್ತಿರುವವರೊಬ್ಬರು ಇವಳು ನನಗೆ ಗೊತ್ತು ಅಂತ ಫೋನಿನಲ್ಲೇ ಒತ್ತಬೇಕಾಗಬಹುದು. ಶಾಲೆಯ ಜೊತೆಗಾರರು ಒತ್ತುತ್ತಾರೆ.

ಯಜಮಾನರ 20 ಕಿಲೋಗೆ ಬರೋಣ. ಅದನ್ನು ನಾಲ್ಕಕ್ಕೆ ಇಳಿಸಿ. ತೊಗರಿಬೇಳೆ ಕೂಡ ಬೇಡ, ಆನ್‌ಲೈನ್‌ನಲ್ಲಿ ತಾವೋಬಾವೊ ಅನ್ನೋ ಕಡೆ ಇಂಡಿಯಾದ ಬೇಳೆ ಮಾರುವವರು ಇದ್ದಾರೆ, ಮನೆ ಬಾಗಿಲಿಗೆ ಬರುತ್ತದೆ. ಇಡಬೇಕಾದ್ದು ಇಂಗು, ನಿಮ್ಮ ಕೈಯ ಸಾರಿನ ಪುಡಿ, ಅರಿಸಿನ, ಒಣಗಿಸಿದ ಕರಿಬೇವಿನ ಪುಡಿ. ಹಸಿ ಕರಿಬೇವು, ಹಣ್ಣು, ಬೆಣ್ಣೆ ತುಪ್ಪ ಕಸ್ಟಮ್ಸ್‌ನಲ್ಲಿ ಕಸಿದುಕೊಳ್ಳುತ್ತಾರೆ. ಬಿತ್ತಿದರೆ ಮೊಳೆಯುವ ಬೀಜ ಕಂಡರೂ ಅವರಿಗೆ ಆಗುವುದಿಲ್ಲ, ಪುಡಿ ಮಾಡಿಯೇ ಕಳಿಸಿ.

ಗಸಗಸೆ ಮಾತ್ರ ಒಂದು ಚಮಚವೂ ಬೇಡ. ಪಾಯಸಕ್ಕೆ, ಸಾಗುವಿಗೆ ಅಂತ ಕಟ್ಟಿದ್ದರೆ ಇವತ್ತೇ ಬಿಚ್ಚಿ. ಅಫೀಮಿನ ಗಿಡದ ಬೀಜ ಅದು, ಅಫೀಮಿಗಾಗಿ ಎರಡು ಯುದ್ಧ ಕಂಡ ದೇಶ ಅದು. ಅಂಗಡಿಯಲ್ಲಿ ಮಾರೋದಕ್ಕೇ ಅಲ್ಲಿ ನಿಷೇಧ ಇದೆ. ಪುಡಿಗಳಲ್ಲಿ ಗಸಗಸೆ ಹುರಿದು ಹಾಕಿದ್ದೀರಾ ಅಂತಲೂ ಒಮ್ಮೆ ನೆನಪು ಮಾಡಿಕೊಳ್ಳಿ.

ರಾಗಿ ನೆನಪಾದರೆ? ಅಲ್ಲಿಯ ಅಂಗಡಿಗಳಲ್ಲಿ ನನಗೆ ರಾಗಿ ಸಿಗಲಿಲ್ಲ, ನವಣೆ ಬೇಕಾದಷ್ಟು ಸಿಕ್ಕಿತು. ಅದನ್ನು ಅವರು ಶ್ಯಾವೊಮಿ ಅನ್ನುತ್ತಾರೆ, ಬೆಳಿಗ್ಗೆ ಗಂಜಿ ಮಾಡಿ ಕುಡಿಯುತ್ತಾರೆ. ಹೌದು, ಆ ಫೋನಿನ ಹೆಸರೂ ಅದೇ. ನಮ್ಮಲ್ಲಿ ಎಷ್ಟೋ ಜನ ನವಣೆಯನ್ನು ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇವೆ.

ಕೊನೆಗೆ ಕುಕ್ಕರ್. ಖಂಡಿತ ಒಯ್ಯಲಿ. ಕುನ್‌ಮಿಂಗ್ ಇರೋದು ಸುಮಾರು 1,900 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಎರಡರಷ್ಟು. ಅಲ್ಲಿ ನೀರು 94 ಡಿಗ್ರಿಯ ಹತ್ತಿರವೇ ಕುದಿದುಬಿಡುತ್ತದೆ. ಬರೀ ಪಾತ್ರೆಯಲ್ಲಿಟ್ಟರೆ ಬೇಳೆ ಬೇಯೋದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ, ನಾನು ಇಟ್ಟು ನೋಡಿದ್ದೇನೆ. ಬಾಡಿಗೆ ಮನೆಯಲ್ಲಿ ನನಗೆ ಸಿಕ್ಕಿದ್ದು ಒಂದು ಇಂಡಕ್ಷನ್ ಒಲೆ ಮಾತ್ರ. ಆದ್ದರಿಂದ ಅಲ್ಯೂಮಿನಿಯಂ ಬೇಡ, ಇಂಡಕ್ಷನ್‌ಗೆ ಆಗುವ ಸ್ಟೀಲಿನದು, ಮೂರು ಲೀಟರಿನದು ಸಾಕು. ಮೊದಲ ಸೀಟಿಗೆ ಪಕ್ಕದ ಮನೆಯ ಅಜ್ಜಿ ಓಡಿಬಂದು ಬಾಗಿಲು ಬಡಿಯಬಹುದು, ನನಗೆ ಹಾಗೇ ಆಯಿತು. ಒಳಗೆ ಕರೆದು ತೋರಿಸಿದರೆ ಆಯಿತು. ನಮ್ಮ ಕುಕ್ಕರಿನ ಅಳತೆಯ ಗ್ಯಾಸ್ಕೆಟ್ ಮಾತ್ರ ನನಗೆ ಆ ಊರಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಎರಡು ಹೆಚ್ಚಿಗೆ ಇಡಿ.

- ಸಂ.