ಆಮದು ಹೆಚ್ಚಾದರೆ ಮತವೂ ಬದಲಾಗುತ್ತಾ?

ಹೊರದೇಶದ ಸರಕು ಬಂದು ಕಾರ್ಖಾನೆ ಮುಚ್ಚಿದರೆ, ಕೆಲಸ ಹೋದವರು ಆ ಸಿಟ್ಟಿನಲ್ಲಿ ಮತ ಹಾಕುತ್ತಾರಾ ಅಂತ ಕೇಳಿದ್ದೀರಿ. ಹಾಕುತ್ತಾರೆ. ಆದರೆ ಅವರಷ್ಟೇ ಅಲ್ಲ, ಊರಿಗೆ ಊರೇ ಹಾಗೆ ಹಾಕುತ್ತದೆ.

ಅಮೆರಿಕವನ್ನೇ ನೋಡಿ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಬಟ್ಟೆ, ಫರ್ನಿಚರ್, ಆಟದ ಸಾಮಾನು ಅಗ್ಗವಾದವು. ಆ ಲಾಭ ದೇಶದವರಿಗೆಲ್ಲ ಚೂರುಚೂರು ಸಿಕ್ಕಿತು. ನಷ್ಟ ಮಾತ್ರ ಕೆಲವೇ ಊರುಗಳ ತಲೆ ಮೇಲೆ ಒಟ್ಟಿಗೆ ಬಿತ್ತು. 1999ರಿಂದ 2011ರೊಳಗೆ ಚೀನಾದ ಆಮದಿನಿಂದ ಹೋದ ಕೆಲಸಗಳು ಒಟ್ಟು 20 ಲಕ್ಷಕ್ಕೂ ಹೆಚ್ಚು ಅನ್ನುತ್ತದೆ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಸಂಗಡಿಗರ ಅಂದಾಜು. ಅಷ್ಟು ದೊಡ್ಡ ದೇಶಕ್ಕೆ ಇದು ಭಾರೀ ಸಂಖ್ಯೆಯಲ್ಲ. ಆದರೆ ಉತ್ತರ ಕೆರೊಲಿನಾದಂಥ ಕಡೆ ಫರ್ನಿಚರ್ ಕಾರ್ಖಾನೆಯನ್ನೇ ನಂಬಿದ್ದ ಊರುಗಳಿದ್ದವು. ಅಂಥಲ್ಲಿ ಕಾರ್ಖಾನೆ ಮುಚ್ಚಿದರೆ ಅಂಗಡಿಯವನ ವ್ಯಾಪಾರವೂ ಬೀಳುತ್ತದೆ, ಮನೆಗಳ ಬೆಲೆಯೂ ಇಳಿಯುತ್ತದೆ. ಕೆಲಸ ಇಲ್ಲದಿದ್ದರೆ ಜನ ಬೇರೆ ಊರಿಗೆ ಹೋಗುತ್ತಾರೆ ಅಂತ ಅರ್ಥಶಾಸ್ತ್ರಜ್ಞರು ನಂಬಿದ್ದರು. ಹೆಚ್ಚಿನವರು ಹೋಗಲಿಲ್ಲ. ಹಾಗೆ ಸುಮ್ನೆ ಗಂಟುಮೂಟೆ ಕಟ್ಟೋಕಾಗುತ್ತಾ?

ಇನ್ನು ಮತದ ವಿಷಯ. ವ್ಯಾಪಾರದ ಏಟು ತಿಂದವರೆಲ್ಲ ಬಲಪಂಥಕ್ಕೆ ವಾಲಿದರು ಅನ್ನುವುದು ಅರ್ಧ ಸತ್ಯ. ಅದೇ ಸಂಶೋಧಕರು ಕಂಡಂತೆ, ಬಿಳಿಯರು ಜಾಸ್ತಿ ಇರುವ ಕ್ಷೇತ್ರಗಳು ಕಟ್ಟಾ ರಿಪಬ್ಲಿಕನ್ನರ ಕಡೆ ಹೋದವು. ಅಲ್ಪಸಂಖ್ಯಾತರೇ ಹೆಚ್ಚಿರುವ ಕ್ಷೇತ್ರಗಳು ಎಡಕ್ಕೆ ಒಲವಿರುವ ಡೆಮಾಕ್ರಟರನ್ನು ಆರಿಸಿದವು. ಸೊರಗಿದ್ದು ನಡುಪಂಥ. ಬ್ರಿಟನ್ನಿನಲ್ಲೂ 2016ರಲ್ಲಿ, ಚೀನಾದ ಆಮದಿನ ಹೊಡೆತ ಜೋರಾಗಿದ್ದ ಪ್ರದೇಶಗಳು ಯುರೋಪಿಯನ್ ಒಕ್ಕೂಟ ಬಿಡುವ ಪರ ಹೆಚ್ಚು ಮತ ಹಾಕಿದವು.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು 2018ರ ಸುಂಕಗಳ ಕತೆ. ಟ್ರಂಪ್ ಸರ್ಕಾರ ಆಮದು ಉಕ್ಕಿಗೆ ಶೇ. 25 ಸುಂಕ ಹಾಕಿತು, ಚೀನಾದ ಸರಕುಗಳ ಮೇಲೂ ಹಾಕಿತು. ಚೀನಾ ತಿರುಗಿ ಅಮೆರಿಕದ ಸೋಯಾಬೀನ್ ಮೇಲೆ ಹಾಕಿತು. ಆಟರ್ ಮತ್ತಿತರರು ಆಮೇಲೆ ಲೆಕ್ಕ ಹಾಕಿದರೆ, ಸುಂಕದ ರಕ್ಷಣೆ ಸಿಕ್ಕ ಉದ್ಯಮಗಳಲ್ಲಿ ಕೆಲಸ ಹೆಚ್ಚಿದ್ದೇ ಕಾಣಲಿಲ್ಲ. ತಿರುಗಿ ಬಿದ್ದ ಸುಂಕದಿಂದ ಕೃಷಿಯಲ್ಲಂತೂ ಕೆಲಸಗಳು ಕಡಿಮೆಯಾದವು. ಆದರೂ ಆ ರಕ್ಷಣೆ ಸಿಕ್ಕ ಪ್ರದೇಶಗಳಲ್ಲಿ ಟ್ರಂಪ್‌ಗೆ ಬೆಂಬಲ ಏರಿತು!

ಇದನ್ನು ದಡ್ಡತನ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2000ದಲ್ಲಿ ಚೀನಾಕ್ಕೆ ಕಾಯಂ ವ್ಯಾಪಾರ ಸಂಬಂಧ, ಅಂದರೆ ಅದರ ಸರಕಿಗೆ ಕಡಿಮೆ ಸುಂಕವನ್ನು ಕಾಯಂ ಮಾಡಿಕೊಟ್ಟ ಕಾನೂನಿಗೆ ಸಹಿ ಹಾಕಿದ್ದು ಡೆಮಾಕ್ರಟ್ ಆದ ಅಧ್ಯಕ್ಷ ಕ್ಲಿಂಟನ್, ಅದಕ್ಕೆ ಹೆಚ್ಚು ಮತ ಕೊಟ್ಟವರು ರಿಪಬ್ಲಿಕನ್ನರು. ಎರಡೂ ಕಡೆಯವರು ಸೇರಿಯೇ ಮಾಡಿದ್ದು, ಅಲ್ವಾ? ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಭತ್ಯೆ ಕೊಡುವ ಯೋಜನೆ 1962ರಿಂದಲೇ ಇತ್ತು. ಅದು ಮುಟ್ಟಿದ್ದು ಕೆಲವರನ್ನಷ್ಟೇ. ಅದೂ ಸಿಗದೆ ಉಳಿದವರಿಗೆ ‘ನಿಮಗೆ ಅನ್ಯಾಯವಾಗಿದೆ’ ಅಂತ ಒಬ್ಬ ನಾಯಕ ಬಾಯಿಬಿಟ್ಟು ಹೇಳಿದರೆ, ಅವನ ಔಷಧಿ ಕೆಲಸ ಮಾಡಿತೋ ಇಲ್ಲವೋ ಅನ್ನುವುದು ಆಮೇಲಿನ ಮಾತಾಗುತ್ತದೆ.